ದೇವಶಾಸ್ತ್ರವನ್ನು ಕಲಿಸುವ ಕಸುಬು

ಕಳೆದ ತಿಂಗಳು ತರುಣನೊಬ್ಬನು ನಮ್ಮ ಮನೆಗೆ ಬಂದು, ತಾನು ಕ್ರೈಸ್ತ ದೇವಶಾಸ್ತ್ರದ ಅಧ್ಯಾಪಕನಾಗಬೇಕೆಂದಿರುವುದಾಗಿಯೂ, ಅದಕ್ಕೆ ದಾರಿಯನ್ನು ತಿಳಿಸಬೇಕೆಂದೂ ಕೇಳಿದನು. ಆ ಕಸುಬಿನಲ್ಲಿಯೇ ತಲೆ ನರೆತ ನನಗೆ ದಾರಿ ಹೇಳುವುದೇನೂ ಕಷ್ಟವಾಗಲಿಲ್ಲ.

1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯಗಳು ಮತಸಿದ್ಧಾಂತವನ್ನು ತಮ್ಮ ಪರೀಕ್ಷೆಗಳಿಂದ ಹೊರಗಿಟ್ಟವು. ಆದುದರಿಂದ ನಮ್ಮ ಪ್ರಾಟೆಸ್ಟಂಟ್ ಸಭೆಗಳವರು ಪದವಿಗಾಗಿ ಬಂಗಾಳದ ಶ್ರೀರಾಮಪುರದ ಕಡೆಗೆ ನೋಡಬೇಕಾಯಿತು. ವಿಲಿಯಂ ಕೇರಿಯವರೂ ಅವರ ಜೊತೆಗಾರರೂ 1818ರಲ್ಲಿ ಸ್ಥಾಪಿಸಿದ ಅಲ್ಲಿಯ ಕಾಲೇಜಿಗೆ 1827ರಲ್ಲಿ ಪದವಿ ಕೊಡುವ ಅಧಿಕಾರವನ್ನಿತ್ತವನು ಡೆನ್ಮಾರ್ಕಿನ ದೊರೆ. ಆಗ ಅದು ಡೇನರ ಊರು. ಬೆಂಗಳೂರಿನಲ್ಲಿ 1910ರಲ್ಲಿ ತೆರೆದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನವರೂ ಈ ಶ್ರೀರಾಮಪುರದ ಪದವಿಗೇ ಓದುತ್ತ ಬಂದರು. ಬಿ.ಡಿ. ಆಗಬೇಕು, ಬಳಿಕ ಎಂ.ಟಿಎಚ್., ಡಾಕ್ಟರೇಟು, ಹೀಬ್ರೂ, ಗ್ರೀಕ್ ಬರಬೇಕು, ಸಭೆಯ ಒಪ್ಪಿಗೆ ಬೇಕು, ಸಂಬಳದ ಮಾತನ್ನು ಮದುವೆಗೆ ಮೊದಲೇ ಹೆಣ್ಣಿನ ಮನೆಯವರಿಗೆ ತಿಳಿಸಿಬಿಡುವುದು ಮೇಲು. ಇಷ್ಟನ್ನು ಹೇಳಿದೆನು.

ಹೇಳದೆ ಉಳಿದುದೊಂದಿದೆ. ಒಂದು ವರ್ಷ ನಾನು ಯೋಬನ ಗ್ರಂಥವನ್ನು ಪಾಠ ಹೇಳಿದ್ದೆನು. ನೀತಿವಂತನಾದ ಯೋಬನು ಮಕ್ಕಳನ್ನೂ ಸೊತ್ತನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತಿರಲು, ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕೂರುತ್ತಾರೆ. ಆಮೇಲೆ ಬಾಯ್ದೆರೆದು, ಇದು ನಿನ್ನ ಪಾಪದ ಫಲವೆಂದು ಅಧ್ಯಾಯಗಟ್ಟಲೆ ವಾದಿಸುತ್ತಾರೆ. ಕಡೆಯಲ್ಲಿ ದೇವರ ಕೋಪವು ಉರಿಯುವುದು ತನ್ನ ಪರವಾಗಿ ವಾದಿಸಿದ ಈ ಪಂಡಿತರ ಮೇಲೆಯೇ.

ಪರೀಕ್ಷೆಯಲ್ಲಿ, ಮನುಷ್ಯನ ದುಃಖಕ್ಕೂ ದೇವರ ನ್ಯಾಯಕ್ಕೂ ಇರುವ ಸಂಬಂಧವನ್ನು ವಿವರಿಸಿರೆಂದು ಕೇಳಿದ್ದೆನು. ಆ ತಿಂಗಳಷ್ಟೇ ತಾಯಿಯನ್ನು ಮಣ್ಣುಮಾಡಿ ಬಂದಿದ್ದ ಹುಡುಗನೊಬ್ಬನು ಒಂದೇ ವಾಕ್ಯವನ್ನು ಬರೆದಿದ್ದನು: ಗೆಳೆಯರು ಸರಿಯಾದ ಉತ್ತರ ಕೊಟ್ಟದ್ದು ಮೊದಲ ಏಳು ದಿನಗಳಲ್ಲಿ. ಪ್ರಶ್ನೆಗೆ ಇಪ್ಪತ್ತು ಅಂಕಗಳು. ನಾನು ಎರಡು ಕೊಟ್ಟೆನು. ಆಧಾರವಚನವಿಲ್ಲ, ಮತಭೇದಗಳ ವಿಮರ್ಶೆಯಿಲ್ಲ. ಬೇರೆ ಯಾವ ಪರೀಕ್ಷಕರೂ ಹೆಚ್ಚು ಕೊಡುತ್ತಿರಲಿಲ್ಲ. ಹುಡುಗನು ತೇರ್ಗಡೆಯಾಗಲಿಲ್ಲ, ರಜಕ್ಕೆ ಊರಿಗೆ ಹೋದವನು ಹಿಂದಿರುಗಲೂ ಇಲ್ಲ.

ಆ ಎರಡು ಅಂಕಗಳನ್ನಾದರೂ ಯಾವುದಕ್ಕೆ ಕೊಟ್ಟೆನೆಂಬುದು ಈಗಲೂ ನನಗೆ ತಿಳಿಯದು. ಮರುವರ್ಷದಿಂದ ಆ ವಾಕ್ಯವನ್ನು ತರಗತಿಯಲ್ಲಿ ನನ್ನದೆಂಬಂತೆ ಹೇಳುತ್ತ ಬಂದೆನು. ವಿದ್ಯಾರ್ಥಿಗಳು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು.

ತರುಣನು ಕಾಫಿಯನ್ನು ಮುಗಿಸಿ, ಯಾವ ಪುಸ್ತಕದಿಂದ ಆರಂಭಿಸಲಿ ಎಂದನು. ಬೀರುವಿನಿಂದ ಹೀಬ್ರೂ ವ್ಯಾಕರಣವನ್ನು ತೆಗೆದುಕೊಟ್ಟೆನು.