ಮಜ್ಜಿಗೆಯ ನಲ್ಲಿ

ಕೊಡುವುದರಲ್ಲಿ ಎರಡು ಬಗೆಯುಂಟು. ಕೈಯಿಂದ ಕೈಗೆ ಕೊಡುವುದು ಒಂದು. ಒಂದೆಡೆ ಇಟ್ಟು, ಬೇಕಾದವರು ತಾವೇ ತೆಗೆದುಕೊಳ್ಳಲೆಂದು ಬಿಡುವುದು ಇನ್ನೊಂದು. ಮೊದಲನೆಯದನ್ನು ನಮ್ಮ ಹಿರಿಯರು ಬಹುವಾಗಿ ಕೊಂಡಾಡಿದ್ದಾರೆ. ಎರಡನೆಯದರ ವಿಚಾರವಾಗಿ ಅಷ್ಟು ಆಲೋಚಿಸಿದಂತೆ ತೋರುವುದಿಲ್ಲ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ ದೊರೆತ ಬಿಡುವಿನಲ್ಲಿ, ದಾವಣಗೆರೆಯ ನನ್ನ ಮನೆಯ ಕಾಂಪೌಂಡು ಗೋಡೆಗೆ ಮಜ್ಜಿಗೆಯ ನಲ್ಲಿಯೊಂದನ್ನು ಕೂಡಿಸಿ, ನಾಲ್ಕು ಬೇಸಗೆಗಳಿಂದ ಅದನ್ನು ತಿದ್ದುತ್ತ ಬಂದಿದ್ದೇನೆ. ಈ ಎರಡನೆಯ ಬಗೆಯ ಹಿರಿಮೆಯನ್ನು ನನಗೆ ತಿಳಿಸಿದ್ದು ಶಾಸ್ತ್ರಗ್ರಂಥವಲ್ಲ, ಆ ನಲ್ಲಿ. ಆದಕಾರಣ ಅದರ ಕಥೆಯನ್ನು ವಾಚಕರ ಮುಂದಿಡುತ್ತೇನೆ.

ಇದರ ಮೂಲವನ್ನು ಹೇಳಿದರೆ ಕೆಲವರು ಕಿವಿ ಮುಚ್ಚಿಕೊಂಡಾರು. ಅದು ಒಂದು ಬಿಯರಿನ ಪೀಪಾಯಿ. ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಊರಿಗೆ ಬಂದಿದ್ದಾಗ, ತನ್ನ ಮನೆಯಲ್ಲಿ ತಾನೇ ಮಾಡಿಕೊಂಡ ಸಾಧನವೊಂದರ ಚಿತ್ರಗಳನ್ನು ಸ್ವಲ್ಪ ಅಳುಕಿನಿಂದಲೇ ನನಗೆ ತೋರಿಸಿದನು. ಹಳೆಯ ರೆಫ್ರಿಜರೇಟರಿನ ಒಳಗೆ ಉಕ್ಕಿನ ಪೀಪಾಯಿ, ಅದರ ಪಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿನ ಸಿಲಿಂಡರು, ಬಾಗಿಲಿನ ಹೊರಗೆ ನಲ್ಲಿ. ಅನಿಲದ ಒತ್ತಡವು ಚದರಂಗುಲಕ್ಕೆ 10ರಿಂದ 12 ಪೌಂಡು. ಒಳಗಿನ ಶೈತ್ಯವು 3-4 ಡಿಗ್ರಿ. ಇವೆರಡಕ್ಕೂ ಕೊಳವೆಯ ಉದ್ದಕ್ಕೂ ಹೊಂದಿಕೆ ತಪ್ಪಿದರೆ ಲೋಟದ ತುಂಬ ನೊರೆಯೇ ವಿನಾ ಪಾನೀಯವಿಲ್ಲವಂತೆ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬ ಯಂತ್ರಶಿಲ್ಪಿಯು ನೆಲಮಾಳಿಗೆಯ ಪೀಪಾಯಿಯಿಂದ ಬಿಯರನ್ನು ಮೇಲಕ್ಕೆತ್ತುವ ಕೈಪಂಪಿಗೆ 1797ರಲ್ಲಿಯೇ ಪೇಟೆಂಟು ಪಡೆದಿದ್ದನು. ಅದಕ್ಕೂ ಮೂವತ್ತು ವರ್ಷ ಮುಂಚೆ, 1767ರಲ್ಲಿ, ಜೋಸೆಫ್ ಪ್ರೀಸ್ಟ್ಲಿಯು ಲೀಡ್ಸ್ ಪಟ್ಟಣದ ಬಿಯರು ತಯಾರಿಕೆಯ ತೊಟ್ಟಿಗಳ ಮೇಲೆ ನಿಲ್ಲುತ್ತಿದ್ದ ಅನಿಲವನ್ನು ನೀರಿಗೆ ಬೆರಸಿದನು; ನಮ್ಮ ಮಕ್ಕಳು ಜಾತ್ರೆಯಲ್ಲಿ ಕುಡಿಯುವ ಗೋಲಿಸೋಡದ ವಂಶಮೂಲವು ಅಲ್ಲಿಯೇ ಇದೆ. ಪಾನೀಯವನ್ನು ಅವರಿಗೇ ಬಿಟ್ಟು ಉಪಾಯವನ್ನು ಮಾತ್ರ ನಾವು ತೆಗೆದುಕೊಳ್ಳಬಹುದಷ್ಟೆ. ಹಂಸಕ್ಷೀರನ್ಯಾಯವೆಂದು ಪಾಠಶಾಲೆಯಲ್ಲಿ ಕಲಿತುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗವಿಲ್ಲ.

ನಮ್ಮ ಊರಿನ ಚೈತ್ರ ವೈಶಾಖಗಳನ್ನು ಬಲ್ಲವರಿಗೆ ಮಜ್ಜಿಗೆಯ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಬಿಸಿಲು 38-40 ಡಿಗ್ರಿಗೆ ಏರುವುದು ಇಲ್ಲಿ ವಿಶೇಷವಲ್ಲ. ನಮ್ಮ ಬೀದಿಯಲ್ಲಿ ಮೂಟೆ ಹೊರುವವರು, ತರಕಾರಿಯ ಗಾಡಿಯವರು, ಪೌರಕಾರ್ಮಿಕರು, ಪರೀಕ್ಷೆ ಬರೆದು ಬರುವ ಮಕ್ಕಳು, ಎಲ್ಲರೂ ಮಧ್ಯಾಹ್ನದಲ್ಲಿಯೇ ನಡೆಯಬೇಕು. ಹರಿಹರದ ಬಳಿಯ ರಾಜನಹಳ್ಳಿಯಿಂದ ತುಂಗಭದ್ರೆಯ ನೀರು ನಮ್ಮ ಊರಿಗೆ ಬರುತ್ತದೆ; ಆದರೆ ಬೀದಿಯಲ್ಲಿ ನಡೆಯುವವನ ಬಾಯಿಗೆ ಅದು ತಾನಾಗಿ ಬಾರದು.

ಮೊದಲ ವರ್ಷ ಮಾಡಿದ್ದು ನಲ್ಲಿಯಿಟ್ಟ ಒಂದು ಮಣ್ಣಿನ ಮಡಕೆ, ಅಷ್ಟೆ. ಅದರಲ್ಲಿ ಬರಿಯ ನೀರು. ಮಡಕೆಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಕೊಂಡೊಯ್ಯುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಎಂದರೆ ಒಂದು ಸಣ್ಣ ಬಟ್ಟಲಿನ 100 ಗ್ರಾಂ ಆವಿಯಾಗಿ ಹೋದರೆ, ಸುಮಾರು 6 ಲೀಟರು ನೀರು 10 ಡಿಗ್ರಿಯಷ್ಟು ತಣ್ಣಗಾಗುವ ಲೆಕ್ಕ. ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ಮೊದಲ ಮಳೆ ಬಿದ್ದು ಗಾಳಿಯಲ್ಲಿ ತೇವ ತುಂಬಿದ ದಿನ ಮಡಕೆಯು ಸೋಮಾರಿಯಾಗುತ್ತದೆ. ಆದರೆ ಆ ದಿನ ಬಾಯಾರಿಕೆಯೂ ಕಡಿಮೆ.

ನೀರಿಗೆ ಮಡಕೆ ಸಾಕು, ಮಜ್ಜಿಗೆಗೆ ಸಾಲದು. ಮಣ್ಣು ಹುಳಿಯನ್ನು ಹೀರಿ ಮರುದಿನದ ಮಜ್ಜಿಗೆಯನ್ನೂ ಹುಳಿಯಾಗಿಸುತ್ತದೆ. ಆದುದರಿಂದ ಎರಡನೆಯ ಬೇಸಗೆಯಲ್ಲಿ ದೊಡ್ಡ ಮಡಕೆಯೊಳಗೆ 20 ಲೀಟರಿನ ಉಕ್ಕಿನ ಪಾತ್ರೆಯನ್ನಿಟ್ಟು, ನಡುವೆ ಮರಳು ತುಂಬಿ, ಆ ಮರಳಿಗೆ ದಿನಕ್ಕೆರಡು ಸಲ ನೀರು ಹನಿಸುವ ಏರ್ಪಾಡು ಮಾಡಿದೆ. ಒಂದು ಮೈಯೊಳಗೆ ಇಬ್ಬರನ್ನು ಕಾಣುವುದು ಹರಿಹರದ ಸೀಮೆಯವರಿಗೆ ಹೊಸದಲ್ಲ. ಹೊಯ್ಸಳರ ಕಾಲದಲ್ಲಿ, 1224ರಲ್ಲಿ, ಪೋಲಾಳ್ವ ದಂಡನಾಯಕನು ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ವಿಗ್ರಹವಾಗಿ ನಿಂತಿದ್ದಾರೆ. ಮಡಕೆಯೊಳಗೆ ಮಡಕೆಯಿಟ್ಟು ನಡುವೆ ಒದ್ದೆ ಮರಳು ತುಂಬುವ ಈ ಉಪಾಯದಿಂದ ತರಕಾರಿಯನ್ನು ಕೆಡದಂತೆ ಇಡಬಹುದೆಂದು ತೋರಿಸಿ, ನೈಜೀರಿಯಾ ದೇಶದ ಮುಹಮ್ಮದ್ ಬಾ ಅಬ್ಬಾ ಎಂಬವರು 2000ದಲ್ಲಿ ರೋಲೆಕ್ಸ್ ಪ್ರಶಸ್ತಿಯನ್ನು ಪಡೆದರು. ಅವರು ಕುಂಬಾರರ ಮನೆತನದವರು, ವೃತ್ತಿಯಿಂದ ಉಪಾಧ್ಯಾಯರು; ಅದನ್ನು ಓದಿ ನನಗೆ ಬಲು ಸಂತೋಷವಾಯಿತು. ಹೊರಗೆ 39 ಡಿಗ್ರಿಯಿದ್ದ ಒಂದು ಮಧ್ಯಾಹ್ನ ನನ್ನ ಪಾತ್ರೆಯ ಮಜ್ಜಿಗೆಯು 27 ಡಿಗ್ರಿಯಲ್ಲಿತ್ತು.

ಮೂರನೆಯ ಬೇಸಗೆಯು ನಲ್ಲಿಯದು. ಹುಳಿಯ ಪದಾರ್ಥವು ಹಿತ್ತಾಳೆಗೆ ತಾಗಿದರೆ ಕಿಲುಬು ಹುಟ್ಟುವುದೆಂದು ನಮ್ಮ ಅಡಿಗೆಮನೆಗಳು ಬಲ್ಲವು. ಕಲಾಯಿ ಹಾಕಿಸುತ್ತಿದ್ದುದು ಅದಕ್ಕಾಗಿಯೇ. ಉಕ್ಕಿನ ನಲ್ಲಿ ಪೇಟೆಯಲ್ಲಿ ಸಿಕ್ಕಿತು. ಆದರೆ ಮಡಕೆ, ಮರಳು, ಪಾತ್ರೆ ಈ ಮೂರನ್ನೂ ದಾಟಿ ಬರುವ ಉದ್ದನೆಯ ತಿರುಪಿನ ಕೊಳವೆ ಸಿಕ್ಕಲಿಲ್ಲ. ಹರಿಹರದಲ್ಲಿ 1941ರಲ್ಲಿ ಮೊದಲಾಗಿ, ಲೇತ್ ಯಂತ್ರಗಳಿಗೆ ಹೆಸರಾಗಿ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದಿದ್ದ ಹಿರಿಯರೊಬ್ಬರು ಅದನ್ನು ಕಡೆದುಕೊಟ್ಟರು. ಕೂಲಿಯೆಷ್ಟೆಂದು ಕೇಳಿದರೆ, ಮಜ್ಜಿಗೆ ಕುಡಿಯಲು ಬರುತ್ತೇನೆಂದರು, ಬಂದರು ಸಹ. ಮಜ್ಜಿಗೆಯು ನಿಂತರೆ ಗಸಿ ತಳಕ್ಕಿಳಿದು ಮೇಲೆ ತಿಳಿನೀರು ಉಳಿಯುವುದರಿಂದ ಮುಚ್ಚಳದ ನಡುವೆ ಕಡೆಗೋಲಿನ ಹಿಡಿಯನ್ನು ಹೊರಡಿಸಿದೆ. ಸಂಜೆ ಕೊಳವೆಯನ್ನು ಬಿಚ್ಚಿ, ಬಿಸಿನೀರಿನಲ್ಲಿ ಕುಂಚದಿಂದ ತಿಕ್ಕಿ ಒಣಗಿಸುವುದು ತಪ್ಪದ ನಿಯಮ. ನಾಲ್ಕನೆಯ ಬೇಸಗೆಯಲ್ಲಿ ಪಾತ್ರೆಯನ್ನು ಎತ್ತರದ ಕಟ್ಟೆಗೆ ಏರಿಸಿದೆ. ನಲ್ಲಿಯ ಮೇಲಿರುವ ಮಟ್ಟವು ಕಾಲುಭಾಗಕ್ಕೆ ಇಳಿದರೆ ಹರಿವಿನ ವೇಗವು ಅರ್ಧವಾಗುವುದು ಭೌತಶಾಸ್ತ್ರದ ನಿಯಮ. ಎತ್ತರವಿದ್ದರೆ ಕೊನೆಯ ಲೋಟವೂ ಮೊದಲಿನದರಂತೆ ತುಂಬುತ್ತದೆ. ನೀರಿಗೊಂದು, ಮಜ್ಜಿಗೆಗೊಂದು ನಲ್ಲಿ. ಎರಡೂ ಒಂದು ಮಗುವಿನ ಕೈಗೆ ನಿಲುಕುವಷ್ಟು ಕೆಳಗೆ, ಬೀದಿಯ ಕಡೆಗೆ.

ಇಷ್ಟನ್ನು ನೋಡಿದ ನೆರೆಯ ಮಿತ್ರರೊಬ್ಬರು, “ಇಷ್ಟೆಲ್ಲ ಏತಕ್ಕೆ? ಒಂದು ಹಂಡೆ ಇಟ್ಟು, ಬಂದವರಿಗೆ ಕೈಯಾರೆ ಹಾಕಬಾರದೆ? ಅರವಟ್ಟಿಗೆಯ ಧರ್ಮವೇ ಅದಲ್ಲವೆ?” ಎಂದರು. ಮಾತು ತೂಕದ್ದು. ಅರವಟ್ಟಿಗೆಗೆ ಸಂಸ್ಕೃತದಲ್ಲಿ ಪ್ರಪಾ ಎಂದು ಹೆಸರು. ಏಳನೆಯ ಶತಮಾನದ ಬಾಣಭಟ್ಟನು ಹರ್ಷಚರಿತದಲ್ಲಿ ವಿಂಧ್ಯದ ಕಾಡಂಚಿನ ಹಳ್ಳಿಯೊಂದನ್ನು ವರ್ಣಿಸುವಾಗ ಅಲ್ಲಿಯ ಪ್ರಪೆಗಳನ್ನು ಮರೆತಿಲ್ಲ. ವೈಶಾಖದಲ್ಲಿ ಉದಕುಂಭದಾನವು ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುತ್ತದೆ. ಇಂಥ ಸಂಪ್ರದಾಯವನ್ನು ನಲ್ಲಿಗೆ ಒಪ್ಪಿಸುವುದು ಏಕೆ?

ಅದಕ್ಕೆ ನನ್ನ ಉತ್ತರವು ಗ್ರಂಥದಿಂದ ಬಂದುದಲ್ಲ. ನನ್ನ ಬಾಲ್ಯವು ಹೊಳೆಯ ದಂಡೆಯ ಒಂದು ಗ್ರಾಮದಲ್ಲಿ ಕಳೆಯಿತು. ಅಲ್ಲಿಯ ಅರವಟ್ಟಿಗೆಯಲ್ಲಿ ಹಂಡೆ ಒಂದೇ, ನೀರು ಒಂದೇ, ಹಾಕುವ ಕೈಯೂ ಒಂದೇ. ಆದರೆ ಕೆಲವರಿಗೆ ತಂಬಿಗೆಯಿಂದ ಲೋಟಕ್ಕೆ. ಕೆಲವರಿಗೆ ಮೇಲಿನಿಂದ, ಸೀಳಿದ ಬಿದಿರಿನ ದಬ್ಬೆಯ ಮೂಲಕ ಬೊಗಸೆಗೆ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದು ಹತ್ತು ವರ್ಷ ಕಳೆದಿದ್ದರೂ ಆ ದಬ್ಬೆಯು ಅಲ್ಲಿಯೇ ತೂಗುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕದಲ್ಲಿಯೇ ಕುಳಿತು, ಲೆಕ್ಕದಲ್ಲಿ ನನಗಿಂತ ಮುಂದಿದ್ದ ಹುಡುಗನು ಆ ದಬ್ಬೆಯ ಕೆಳಗೆ ಬಗ್ಗಿ ನಿಲ್ಲುತ್ತಿದ್ದನು. ಅರ್ಧ ನೀರು ಮೊಣಕೈಯಿಂದ ಇಳಿದು ನೆಲದ ಪಾಲಾಗುತ್ತಿತ್ತು. ಹಾಕುವ ಮುದುಕನು ಕೆಟ್ಟವನಲ್ಲ. ಇನ್ನೂ ಬೇಕೆ ಎಂದು ಎಲ್ಲರನ್ನೂ ಕೇಳುತ್ತಿದ್ದನು. ಆದರೆ ಕೊಡುವ ಕೈಯು ಮೇಲಿರುವಷ್ಟು ಕಾಲ, ಯಾರಿಗೆ ಎಷ್ಟು ಎತ್ತರದಿಂದ ಎಂಬ ನಿರ್ಣಯವೂ ಆ ಕೈಯದೇ.

ನೀರಿನ ವಿಚಾರದಲ್ಲಿ ಈ ದೇಶವು ನಡೆಸಿದ ಹೋರಾಟವು ಸಣ್ಣದಲ್ಲ. 1927ರ ಮಾರ್ಚಿಯಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡದ ಚವದಾರ ಕೆರೆಯಲ್ಲಿ ನೀರು ಕುಡಿದುದು ಬಾಯಾರಿಕೆಯಿಂದಲ್ಲವೆಂದು ಎಲ್ಲರೂ ಬಲ್ಲರು. ಮುಂದೆ ಅವರ ನೇತೃತ್ವದಲ್ಲಿ ಸಿದ್ಧವಾದ ಸಂವಿಧಾನದ 15ನೆಯ ಅನುಚ್ಛೇದವು ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರನ್ನೆತ್ತಿಯೇ ಭೇದವನ್ನು ನಿಷೇಧಿಸಿತು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊಫೆಸರ್ ಬಿ. ಕೃಷ್ಣಪ್ಪನವರು ಹುಟ್ಟಿದ್ದು ನಮ್ಮ ಹರಿಹರದಲ್ಲಿಯೇ, 1938ರಲ್ಲಿ. ಈ ದೊಡ್ಡ ಮಾತುಗಳ ಪಕ್ಕದಲ್ಲಿ ನನ್ನ ನಲ್ಲಿಯು ಬಲು ಚಿಕ್ಕದು. ಆದರೂ ನಲ್ಲಿಗೆ ಎತ್ತರ ಒಂದೇ. ತಿರುಗಿಸುವ ಕೈ ಯಾವುದೆಂದು ಅದು ಕೇಳುವುದಿಲ್ಲ.

ಮಿತ್ರರ ಮಾತಿನಲ್ಲಿ ಒಪ್ಪತಕ್ಕ ಅಂಶವೊಂದುಂಟು. ನಲ್ಲಿಗೆ ಬಾಯಿಲ್ಲ, ಬಿಸಿಲಿನಲ್ಲಿ ಬಂದವನನ್ನು ಅದು ಮಾತನಾಡಿಸದು. ಇದನ್ನು ನಾನು ಬಹಳ ದಿನ ಯೋಚಿಸಿದೆ. ಕಳೆದ ವೈಶಾಖದಲ್ಲಿ ನಮ್ಮ ಬೀದಿ ಗುಡಿಸುವ ಹೆಂಗಸು, ಎರಡು ಬೇಸಗೆಗಳಿಂದ ದಿನವೂ ಹನ್ನೊಂದು ಗಂಟೆಗೆ ಮಜ್ಜಿಗೆ ಕುಡಿದುಹೋಗುವವಳು, ಒಂದು ದಿನ ಗೇಟನ್ನು ತಟ್ಟಿದಳು. ಹೊರಗೆ ಹೋದೆನು. “ಮೇಷ್ಟ್ರೇ, ಮಜ್ಜಿಗೆ ಮುಗಿದೈತಿ, ತುಂಬಿಸ್ರಿ,” ಎಂದಳು. ಆ ಧ್ವನಿಯಲ್ಲಿ ಯಾಚನೆ ಇರಲಿಲ್ಲ, ಸಂಕೋಚವೂ ಇರಲಿಲ್ಲ. ಮನೆಯಲ್ಲಿ ಉಪ್ಪು ತೀರಿದೆಯೆಂದು ಹೇಳುವ ರೀತಿಯಿತ್ತು. ನಾನು ತುಂಬಿಸುವವರೆಗೆ ಕಟ್ಟೆಯ ಮೇಲೆ ಕುಳಿತು, ಈ ವರ್ಷ ಉಪ್ಪು ಸ್ವಲ್ಪ ಮುಂದಾಗಿದೆ, ಕರಿಬೇವು ಸಾಲದು ಎಂದೂ ತಿಳಿಸಿದಳು. ದಬ್ಬೆಯ ಕೆಳಗೆ ಬೊಗಸೆಯೊಡ್ಡಿದವರು ಯಾರೂ ಉಪ್ಪಿನ ಮಾತನ್ನು ಎತ್ತಿದ್ದನ್ನು ನಾನು ಕೇಳಿರಲಿಲ್ಲ.

ಪಾತ್ರೆಯ ಮಟ್ಟವನ್ನು ಒಳಗಿನಿಂದಲೇ ನೋಡಿಕೊಳ್ಳುವಂತೆ ಒಂದು ಗಾಜಿನ ಕೊಳವೆಯನ್ನು ಇಡಿಸಬೇಕೆಂದು, ಹಾಗಾದರೆ ಯಾರೂ ಗೇಟು ತಟ್ಟಬೇಕಾಗುವುದಿಲ್ಲವೆಂದು, ನನ್ನ ಮಗನು ಈ ಸಲ ಸೂಚಿಸಿದ್ದಾನೆ. ಸೂಚನೆಯು ಯುಕ್ತವಾದುದು, ಖರ್ಚೂ ಅಲ್ಪ. ಉಪ್ಪನ್ನು ಕಡಿಮೆ ಮಾಡಿದ್ದೇನೆ, ಕರಿಬೇವನ್ನು ಹೆಚ್ಚಿಸಿದ್ದೇನೆ. ಗಾಜಿನ ಕೊಳವೆಯನ್ನು ಮಾತ್ರ ಇಡಿಸುವುದಿಲ್ಲ.