ನಗಾರಿಯ ತಾಲೀಮು

ಜಪಾನ್ ದೇಶದ ಪಶ್ಚಿಮ ತೀರದಲ್ಲಿ ನೀಗಾತ ಎಂಬ ರೇವುಪಟ್ಟಣವಿದೆ. ಅಲ್ಲಿಂದ ಹಡಗನ್ನೇರಿ ಸುಮಾರು ಎರಡೂವರೆ ಗಂಟೆಗಳ ಕಾಲ ಪಯಣ ಮಾಡಿದರೆ ಸಾಡೋ ಎಂಬ ದ್ವೀಪವು ಸಿಕ್ಕುತ್ತದೆ. ಎರಡು ಬೆಟ್ಟದ ಸಾಲುಗಳು, ಅವುಗಳ ನಡುವೆ ಬತ್ತದ ಬಯಲು, ಸುತ್ತಲೂ ಕಲ್ಲುಬಂಡೆಗಳ ಕರಾವಳಿ. ಇದೇ ಅದರ ಸ್ವರೂಪ. ಹಿಂದೆ ಇದು ರಾಜಕೋಪಕ್ಕೆ ಗುರಿಯಾದವರನ್ನು ಗಡೀಪಾರು ಮಾಡುವ ಸ್ಥಳವಾಗಿತ್ತು. 1221ರಲ್ಲಿ ಜುಂತೊಕು ಚಕ್ರವರ್ತಿ, 1271ರಲ್ಲಿ ಬೌದ್ಧ ಧರ್ಮಗುರು ನಿಚಿರೆನ್, 1434ರಲ್ಲಿ ನೋ ಎಂಬ ನಾಟ್ಯಕಲೆಯ ಆಚಾರ್ಯನಾದ ಜೆಯಾಮಿ, ಹೀಗೆ ಮಹಾಪುರುಷರನೇಕರು ಇಲ್ಲಿಗೆ ಬಂದರು. ತರುವಾಯ ಚಿನ್ನದ ಗಣಿಗಳಿಂದ ದ್ವೀಪಕ್ಕೆ ಹೆಸರಾಯಿತು. ಆದರೆ ನಾವು ಹೋದದ್ದು ಚಿನ್ನವನ್ನು ನೋಡುವುದಕ್ಕಲ್ಲ, ನಗಾರಿಯನ್ನು ಕೇಳುವುದಕ್ಕೆ.

ಜಪಾನೀಯರು ತಮ್ಮ ನಗಾರಿಗಳಿಗೆ ತೈಕೊ ಎನ್ನುತ್ತಾರೆ. ಅವುಗಳಲ್ಲಿ ಅತಿ ದೊಡ್ಡದು ಓದೈಕೊ. ಒಂದೇ ಮರದ ಬೊಡ್ಡೆಯನ್ನು ಕೊರೆದು, ಎರಡು ಬಾಯಿಗಳಿಗೂ ಚರ್ಮವನ್ನು ಬಿಗಿದು ಇದನ್ನು ಮಾಡುತ್ತಾರೆ. ಸಾಡೋ ದ್ವೀಪದ ಪ್ರಸಿದ್ಧವಾದ ಕೊಡೊ ಎಂಬ ತಂಡದವರ ಓದೈಕೊ ಸುಮಾರು 400 ಕಿಲೋಗ್ರಾಂ ತೂಕವುಳ್ಳದ್ದು. ಅದನ್ನು ಎತ್ತರವಾದ ಪೀಠದ ಮೇಲೆ ಅಡ್ಡಲಾಗಿ ಇಟ್ಟಿರುತ್ತಾರೆ. ವಾದಕನು ಸಭಿಕರಿಗೆ ಬೆನ್ನು ಮಾಡಿ, ಕಾಲುಗಳನ್ನು ಅಗಲಿಸಿ ನಿಂತು, ತಲೆಯ ಮಟ್ಟಕ್ಕೆ ತೋಳುಗಳನ್ನೆತ್ತಿ, ದಪ್ಪನೆಯ ಕೋಲುಗಳಿಂದ ಬಾರಿಸಬೇಕು. ಮುಖವು ಕಾಣದೆ ಇರುವುದರಿಂದ ಬೆನ್ನೇ ಅವನ ಮುಖವಾಗುತ್ತದೆ. ಬೆನ್ನಿನ ಒಂದೊಂದು ಸ್ನಾಯುವೂ ತಾಳವನ್ನು ಹೇಳುತ್ತದೆ.

ದ್ವೀಪದ ನೈಋತ್ಯ ತುದಿಯಲ್ಲಿ ಓಗಿ ಎಂಬ ಹಳೆಯ ರೇವು ಇದೆ. ಅದರ ಸಮೀಪದ ಗುಡ್ಡದ ಮೇಲಿರುವ ತೈಕೊ ಶಾಲೆಯಲ್ಲಿ ಯಾತ್ರಿಕರೂ ಕೋಲು ಹಿಡಿದು ನೋಡಬಹುದು. ನಾವೂ ಹಿಡಿದೆವು. ಮೊದಲ ನಾಲ್ಕಾರು ಪೆಟ್ಟುಗಳು ಉತ್ಸಾಹದಿಂದಲೇ ಬಿದ್ದವು. ಎರಡು ನಿಮಿಷಗಳಾಗುವಷ್ಟರಲ್ಲಿ ಭುಜಗಳು ಕಲ್ಲಾದವು, ಉಸಿರು ಮೇಲಕ್ಕೆ ಬಂದಿತು, ತಾಳವು ದಿಕ್ಕುಗೆಟ್ಟಿತು. ಕಲಿಸುವವರು ನಸುನಕ್ಕು, ನಮ್ಮ ಕೈಗಳನ್ನು ಮುಟ್ಟದೆ, ಸೊಂಟವನ್ನು ತಗ್ಗಿಸಿ ಮೊಣಕಾಲುಗಳನ್ನು ಸಡಿಲಿಸುವಂತೆ ಸನ್ನೆ ಮಾಡಿದರು. ಹಾಗೆ ನಿಂತೊಡನೆಯೇ ಕೋಲು ಹಗುರವಾಯಿತು, ನಾದವು ತುಂಬಿ ಬಂದಿತು. ದೊಡ್ಡ ವಾದ್ಯದ ಶಕ್ತಿಯು ಅಂಗಾಲಿನಲ್ಲಿ ಹುಟ್ಟಿ, ತೊಡೆ ಸೊಂಟಗಳಲ್ಲಿ ಬೆಳೆದು, ಬೆನ್ನನ್ನು ಹಾದು ತೋಳಿಗೆ ಬರತಕ್ಕದ್ದು. ಕೈಯು ಕೇವಲ ಅದರ ಕೊನೆಯ ಕವಲು ಎಂಬುದು ನಮಗೆ ಆಗ ಮನವರಿಕೆಯಾಯಿತು.

ಇದರ ಕಾರಣವು ದೇಹಧರ್ಮದಲ್ಲಿಯೇ ಇದೆ. ತೋಳುಗಳನ್ನು ಮೇಲೆತ್ತಿ ದುಡಿಸುವಾಗ ಹೃದಯವು ಹೆಚ್ಚು ವೇಗವಾಗಿ ಬಡಿದುಕೊಳ್ಳುತ್ತದೆ. ಓಟ ಮೊದಲಾದ ವ್ಯಾಯಾಮಗಳಿಂದ ಪಳಗಿದ ಹೃದಯವಾದರೋ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಕಳುಹಿಸಬಲ್ಲುದು. ದಣಿದರೂ ಬೇಗನೆ ಚೇತರಿಸಿಕೊಳ್ಳುವುದು. ದಣಿದ ಸ್ನಾಯುವು ಮೊದಲು ಕಳೆದುಕೊಳ್ಳುವುದು ಬಲವನ್ನಷ್ಟೇ ಅಲ್ಲ, ನಯವನ್ನೂ ಹೌದು. ಕೈ ನಡುಗುತ್ತದೆ, ಪೆಟ್ಟು ತಡವಾಗುತ್ತದೆ. ಕಾಲು ಸೊಂಟಗಳು ದುರ್ಬಲವಾಗಿದ್ದರೆ ಆ ಭಾರವೆಲ್ಲ ಭುಜ ಮಣಿಕಟ್ಟುಗಳ ಮೇಲೆ ಬಿದ್ದು, ದಿನ ಕಳೆದಂತೆ ನೋವು ನೆಲೆಯಾಗಿ, ಕಲಿತ ವಿದ್ಯೆಯನ್ನೇ ಕೈಬಿಡಬೇಕಾದೀತು.

ಜಪಾನೀಯರ ವಾದನಕ್ರಮಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮಿಯಾಕೆ ಎಂಬ ದ್ವೀಪದಿಂದ ಬಂದ ಒಂದು ಕ್ರಮದಲ್ಲಿ ನಗಾರಿಯನ್ನು ನೆಲದ ಸಮೀಪದಲ್ಲಿಡುತ್ತಾರೆ. ವಾದಕರು ಬಸ್ಕಿ ಹೊಡೆಯುವವರಂತೆ ತಗ್ಗಿ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರವನ್ನು ಹಾಕುತ್ತ ಬಾರಿಸಬೇಕು. ಚಿಚಿಬು ಎಂಬ ಊರಿನ ರಥೋತ್ಸವದಿಂದ ಬಂದ ಇನ್ನೊಂದು ಕ್ರಮವನ್ನು ಕೊಡೊ ತಂಡದವರು ನುಡಿಸುವಾಗ ಕಾಲು ಚಾಚಿ ಕುಳಿತು, ಮೈಯನ್ನು ಹಿಂದಕ್ಕೆ ಬಾಗಿಸಿ, ಮಲಗದೆ ಏಳದೆ ನಡುವೆಯೇ ನಿಂತಿರಬೇಕು. ಕಿಬ್ಬೊಟ್ಟೆಯ ಬಲವಿಲ್ಲದವನಿಗೆ ಅಲ್ಲಿ ಒಂದು ಆವರ್ತವೂ ಸಾಗದು.

ಸಾಡೋ ದ್ವೀಪದಲ್ಲಿ ಈ ಸಾಧನೆ ನೆಲಸಿದ ಕಥೆಯೂ ಸ್ವಾರಸ್ಯವಾಗಿದೆ. 1970ರ ಆಸುಪಾಸಿನಲ್ಲಿ ಡೆನ್ ತಗಾಯಸು ಎಂಬವರು ತರುಣ ತರುಣಿಯರನ್ನು ಇಲ್ಲಿ ಕೂಡಿಸಿ ಓಂದೆಕೊಜ ಎಂಬ ತಂಡವನ್ನು ಕಟ್ಟಿದರು. ಓಡುವುದೂ ನಗಾರಿ ಬಾರಿಸುವುದೂ ಒಂದೇ ಸಾಧನೆಯ ಎರಡು ಮುಖಗಳೆಂಬುದು ಅವರ ಸಿದ್ಧಾಂತ. 1975ರಲ್ಲಿ ಈ ತಂಡದವರು ಅಮೆರಿಕದ ಬಾಸ್ಟನ್ ನಗರದ ಮ್ಯಾರಥಾನಿನಲ್ಲಿ 42 ಕಿಲೋಮೀಟರುಗಳಿಗೂ ಮಿಕ್ಕಿದ ದೂರವನ್ನು ಓಡಿ, ಓಟ ಮುಗಿದೊಡನೆಯೇ ನಗಾರಿಯನ್ನು ಬಾರಿಸಿ ನೆರೆದವರನ್ನು ಬೆರಗುಗೊಳಿಸಿದರು. ಮುಂದೆ ಡೆನ್ ಅವರೂ ಸದಸ್ಯರೂ ಬೇರೆಯಾದರು. ದ್ವೀಪದಲ್ಲಿ ಉಳಿದವರು ಕೊಡೊ ಎಂಬ ಹೊಸ ಹೆಸರಿನಿಂದ 1981ರಲ್ಲಿ ಬರ್ಲಿನ್ ನಗರದಲ್ಲಿ ಮೊದಲ ಬಾರಿಗೆ ನುಡಿಸಿದರು. ಕೊಡೊ ಎಂದರೆ ಹೃದಯದ ಬಡಿತ. ಬರೆಯುವ ಅಕ್ಷರವನ್ನು ಬದಲಿಸಿದರೆ ನಗಾರಿಯ ಮಕ್ಕಳು ಎಂದೂ ಅರ್ಥವಾಗುತ್ತದೆ.

ಈ ತಂಡವನ್ನು ಸೇರಬಯಸುವವರು ಕಾಕಿನೌರಾ ಎಂಬ ಹಳ್ಳಿಯ ಹಳೆಯ ಶಾಲಾಕಟ್ಟಡದಲ್ಲಿ ಎರಡು ವರ್ಷ ಗುರುಕುಲವಾಸ ಮಾಡಬೇಕು. ನಸುಕಿನಲ್ಲೆದ್ದು ಓಡುವುದು, ನೆಲ ಒರಸುವುದು, ಸರದಿಯಂತೆ ಅಡಿಗೆ ಮಾಡುವುದು, ಗದ್ದೆಯಲ್ಲಿ ನಾಟಿ ಹಾಕುವುದು, ತಮ್ಮ ಕೋಲುಗಳನ್ನು ತಾವೇ ಕೆತ್ತಿಕೊಳ್ಳುವುದು, ಹಾಡು ಕುಣಿತಗಳನ್ನು ಕಲಿಯುವುದು, ಇವೆಲ್ಲ ಪಾಠವೇ. ಎರಡು ವರ್ಷ ಹೀಗೆ ಬೆವರು ಸುರಿಸಿದವರಲ್ಲಿ ತಂಡಕ್ಕೆ ಆಯ್ಕೆಯಾಗುವವರು ಕೆಲವರೇ. ಉಳಿದವರು ಊರಿಗೆ ಮರಳಬೇಕು. ಕೇಳುವವರಿಗೆ ಇದು ಕಠಿನವೆಂದು ತೋರಬಹುದು. ಆದರೆ ಗಟ್ಟಿಯಾದ ಮೈಯನ್ನೂ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವ ಅಭ್ಯಾಸವನ್ನೂ ಸಂಪಾದಿಸಿ ಮರಳಿದವನು ಬರಿಗೈಯಲ್ಲಿ ಮರಳಿದನೆನ್ನಲಾಗದು.

ಹಾಗಾದರೆ ಮೈಬಲವೇ ಸಂಗೀತವೋ? ಖಂಡಿತ ಅಲ್ಲ. ಇಶೀ ಮಾಕಿ ಎಂಬ ಸಂಗೀತಕಾರರು 1976ರಲ್ಲಿ ಓಂದೆಕೊಜ ತಂಡಕ್ಕಾಗಿ ರಚಿಸಿದ ಮೊನೊಕ್ರೋಮ್ ಎಂಬ ಕೃತಿಯು ಸಣ್ಣ ನಗಾರಿಗಳ ಮೇಲೆ ಮಳೆಯ ಹನಿಯಂತಹ ಮೆಲುದನಿಯಿಂದ ಮೊದಲಾಗುತ್ತದೆ. ಜೋರಾಗಿ ಬಡಿಯುವುದಕ್ಕಿಂತ, ನಡುಗದೆ ಮೃದುವಾಗಿ ಬಾರಿಸುವುದು ಕಷ್ಟತರವಾದದ್ದು. ವ್ಯಾಯಾಮದಿಂದ ಪಡೆದ ಬಲದ ನಿಜವಾದ ಪರೀಕ್ಷೆಯು ಗುಡುಗಿನಲ್ಲಿಲ್ಲ, ಆ ಹನಿಯಲ್ಲಿದೆ. ಶಕ್ತಿಯು ಮಿಗುತಾಯವಾಗಿದ್ದವನಿಗೆ ಮಾತ್ರ ಅದನ್ನು ತಡೆದು ಹಿಡಿಯುವ ಸ್ವಾತಂತ್ರ್ಯವಿರುತ್ತದೆ.

ನಮ್ಮ ನಾಡಿಗೂ ಇದು ಹೊಸತಲ್ಲ. ಬೀರೇಶ್ವರನ ಸೇವೆಗೆ ಡೊಳ್ಳು ಕಟ್ಟುವ ಹಾಲುಮತದವರನ್ನು ವಾಚಕರು ಜಾತ್ರೆಗಳಲ್ಲಿ ನೋಡಿಯೇ ಇರುವರು. ಜಪಾನಿನ ಓದೈಕೊ ಪೀಠದ ಮೇಲಿರುತ್ತದೆ. ನಮ್ಮ ಡೊಳ್ಳಾದರೋ ವಾದಕನ ಮೈಮೇಲೆಯೇ ಇರುತ್ತದೆ. ಆ ಭಾರವನ್ನು ಹೊತ್ತು, ಬಾರಿಸುತ್ತ, ಕುಣಿಯುತ್ತ, ಒಬ್ಬರ ಹೆಗಲಮೇಲೊಬ್ಬರು ಏರಿ ನಿಲ್ಲುವ ಈ ಕಲೆಯು ದುಡಿದು ಗಟ್ಟಿಯಾದ ಮೈಯುಳ್ಳವರಿಗೇ ಸಾಧ್ಯವಾದದ್ದು. ಈ ದಿನಗಳಲ್ಲಿ ಡೊಳ್ಳನ್ನು ಕಲಿಯುವ ಪೇಟೆಯ ಮಕ್ಕಳಿಗೆ ಹೊಲದ ದುಡಿಮೆಯಿಲ್ಲ. ಆದಕಾರಣ ಅವರು ಬೇರೆ ಬಗೆಯಲ್ಲಿ ಮೈಯನ್ನು ಸಿದ್ಧಪಡಿಸಿಕೊಳ್ಳಬೇಕು. ಇಲ್ಲವಾದರೆ ಕಲೆಯು ಸೊರಗುತ್ತದೆ, ಇಲ್ಲವೇ ಮೈಯೇ ಸೊರಗುತ್ತದೆ.

ನಮ್ಮ ಮನೆಗಳಲ್ಲಿ ಮಗುವು ಸಂಗೀತಪಾಠಕ್ಕೆ ಸೇರಿತೆಂದರೆ ಆಟದ ಹೊತ್ತನ್ನು ಮೊಟಕುಮಾಡುವ ವಾಡಿಕೆಯುಂಟು. ಇದು ಸರಿಯಲ್ಲವೆಂದು ನಮಗೆ ತೋರುತ್ತದೆ. ವೀಣೆಯ ಮುಂದೆ ಗಂಟೆಗಟ್ಟಲೆ ಕುಳಿತುಕೊಳ್ಳುವ ಹುಡುಗಿಗೂ, ಮೃದಂಗವನ್ನು ಬಾರಿಸುವ ಹುಡುಗನಿಗೂ ಬೆನ್ನು ನೆಟ್ಟಗಿರಬೇಕು, ಉಸಿರು ದೀರ್ಘವಾಗಿರಬೇಕು. ದಿನವೂ ಅರ್ಧ ಗಂಟೆಯ ಬಿರುನಡಿಗೆಯೋ ಓಟವೋ ಈಜೋ, ಕೆಲವು ಸೂರ್ಯನಮಸ್ಕಾರಗಳು, ಕೆಲವು ಬಸ್ಕಿಗಳು, ಇಷ್ಟಿದ್ದರೂ ಆರಂಭಕ್ಕೆ ಸಾಕು. ವಯಸ್ಸಾದವರು ವೈದ್ಯರನ್ನು ಕೇಳಿ ಮೆಲ್ಲಗೆ ಮೊದಲುಮಾಡುವುದು ಲೇಸು.

ಕನ್ನಡದಲ್ಲಿ ತಾಲೀಮು ಎಂಬ ಒಂದು ಮಾತಿದೆ. ಗರಡಿಯಲ್ಲಿ ಪೈಲವಾನನು ಮಾಡುವುದೂ ತಾಲೀಮೇ, ಸಂಗೀತಗಾರನು ಗುರುವಿನೆದುರು ಕುಳಿತು ಮಾಡುವುದೂ ತಾಲೀಮೇ. ಸಾಡೋ ದ್ವೀಪದವರು ಓಡಿ ಕಂಡುಕೊಂಡ ಸತ್ಯವನ್ನು ನಮ್ಮ ಹಿರಿಯರು ಈ ಒಂದು ಮಾತಿನಲ್ಲಿಯೇ ಕಟ್ಟಿಟ್ಟಿದ್ದಾರೆ. ಅದನ್ನು ಬಿಚ್ಚಿ ಬಳಸಿಕೊಳ್ಳುವುದು ನಮಗೆ ಸೇರಿದ್ದು.