ದೇವರ ಮೂತಿ ಮತ್ತು ನನ್ನ ರೀಡ್‌ಮೀ

"ರೀಡ್‌ಮೀ ಓದಿದ್ರಾ ಮಾವ?" ಅಂತ ಫೋನಲ್ಲಿ ಕೇಳಿದೆ.

"ಅದೇನೋ ಇಂಗ್ಲಿಷಲ್ಲಿತ್ತಪ್ಪ, ಪೈಥಾನು, ಕಮಾಂಡು ಅಂತೆಲ್ಲ... ಮುಚ್ಚಿಬಿಟ್ಟೆ" ಅಂದ್ರು. ಆಮೇಲೆ ಸ್ವಲ್ಪ ತಡೆದು, "ಅಲ್ಲ, ನನ್ನ ಹಳೇ ಫೈಲು ಎಲ್ಲಿ ಹೋಯ್ತು?"

ಎದೆ ಧಸಕ್ ಅಂತು.

ಮಾವ ನಿವೃತ್ತ ಕನ್ನಡ ಮೇಷ್ಟ್ರು. ಊರಿನ ದೇವಸ್ಥಾನಗಳ ಬಗ್ಗೆ ವರ್ಷಗಟ್ಟಲೆ ನುಡಿಯ ಹಳೇ ಎನ್‌ಕೋಡಿಂಗಿನಲ್ಲಿ ಟೈಪ್ ಮಾಡಿಟ್ಟ ಲೇಖನಗಳು ಅವರ ಹತ್ರ ಇದ್ವು. ಅವನ್ನ ಯೂನಿಕೋಡಿಗೆ ತರೋಕೆ ಅಂತ ನಾನೊಂದು ಪುಟ್ಟ ಟೂಲ್ ಬರೆದಿದ್ದೆ. ಅದು ಬದಲಾಯಿಸಿದ್ದನ್ನ ಮೂಲ ಫೈಲಿನ ಮೇಲೇ ಬರೀತಿತ್ತು. ನನಗೇನು, ಗಿಟ್ ಇದೆ, ಹಿಂದಕ್ಕೆ ಹೋಗ್ತೀನಿ. ಮಾವನಿಗೆ ಗಿಟ್ ಎಲ್ಲಿಂದ ಬರ್ಬೇಕು? ಮೊದಲು ಕಾಪಿ ಇಟ್ಕೊಳ್ಳಿ ಅಂತ ರೀಡ್‌ಮೀಲಿ ಬರೆದಿದ್ದೆ, ನಿಜ. ಫಂಕ್ಷನ್‌ಗಳ ಪಟ್ಟಿಯೆಲ್ಲ ಮುಗಿದ ಮೇಲೆ, ಒಂದೇ ಸಾಲು.

ಅಷ್ಟೇ ಆಗಿದ್ರೆ ಪರವಾಗಿರ್ಲಿಲ್ಲ. ಟೂಲಲ್ಲೇ ಒಂದು ತಪ್ಪಿತ್ತು. ನುಡಿಯ ಹಳೇ ಕ್ರಮದಲ್ಲಿ "ಮೂರ್ತಿ" ಅನ್ನೋದು ಮೂ, ತಿ, ಆಮೇಲೆ ಅರ್ಕಾವತ್ತು ಅಂತ ಕೂತಿರುತ್ತೆ, ಕಣ್ಣಿಗೆ ಕಾಣೋ ಹಾಗೆ. ಯೂನಿಕೋಡಲ್ಲಿ ಬಾಯಲ್ಲಿ ಹೇಳೋ ಹಾಗೆ, ರ ಮೊದಲು. ಅಂದ್ರೆ ಕೊನೇಲಿರೋ ಅರ್ಕಾವತ್ತನ್ನ ಇಡೀ ಅಕ್ಷರ ದಾಟಿಸಿ ಮುಂದೆ ತರಬೇಕು. ಗುಣಿತಾಕ್ಷರ ಬಂದಾಗ ನನ್ನ ಕೋಡು ಅದನ್ನ ತರೋ ಬದಲು ನುಂಗಿಬಿಡ್ತಿತ್ತು. ಹಾಗಾಗಿ ಮಾವನ ಲೇಖನಗಳ ತುಂಬಾ ದೇವರ ಮೂರ್ತಿ ಹೋಗಿ ದೇವರ ಮೂತಿ ಆಗಿತ್ತು! ಕೀರ್ತಿ ಕೀತಿಯಾಗಿತ್ತು. ಈಗ ನಗು ಬರುತ್ತೆ, ಅವತ್ತು ಬರ್ಲಿಲ್ಲ. ಕೆಲವು ಫೈಲು ಹಳೇ ಪೆನ್‌ಡ್ರೈವಲ್ಲಿ ಸಿಕ್ಕಿದ್ವು. ಉಳಿದದ್ದನ್ನ ಮಾವ ಕೈಯಲ್ಲೇ ತಿದ್ತಾ ಇದ್ದಾರೆ. ಬೈದಿದ್ರೆ ಸಮಾಧಾನ ಆಗ್ತಿತ್ತು, ಬೈಲೇ ಇಲ್ಲ.

ಕೋಡು ಸರಿ ಮಾಡೋಕೆ ಒಂದು ಸಂಜೆ ಸಾಕಾಯ್ತು. ಡಾಕ್ಯುಮೆಂಟೇಶನ್ನಿಗೆ ಮಾತ್ರ ಭಾನುವಾರ ಇಡೀ ದಿನ ನೋಟ್‌ಬುಕ್ ಹಿಡ್ಕೊಂಡು ಕೂತೆ. ಮೊದಲು ಅಭ್ಯಾಸಬಲದಿಂದ ಇನ್‌ಸ್ಟಾಲೇಶನ್, ಯೂಸೇಜ್, ಆಪ್ಷನ್ಸ್ ಅಂತ ತಲೆಬರಹ ಬರೆದೆ. ಹೊಡೆದು ಹಾಕಿದೆ. ಮಾವ ಎರಡು ತಿಂಗಳಿಂದ ಫೋನಲ್ಲಿ ಕೇಳಿದ್ದನ್ನೇ ಅವರ ಮಾತಲ್ಲೇ ಬರ್ಕೊಂಡೆ. ಹಳೇ ಫೈಲು ಉಳಿಯುತ್ತಾ? ಹೊಸದು ಎಲ್ಲಿ ಸಿಗುತ್ತೆ? ನಡುವೆ ಇಂಗ್ಲಿಷ್ ಪದ ಇದ್ರೆ? ಚೌಕ ಚೌಕ ಕಂಡ್ರೆ? ಬಳಸೋರ ಪುಸ್ತಕದ ತಲೆಬರಹ ಇವೇ ಅಂತ ಆಯ್ತು, ಕನ್ನಡದಲ್ಲೇ. ಮೊದಲನೇ ಪ್ರಶ್ನೆಗೆ ಉತ್ತರ ಬರೆಯೋಕೆ ಹೋಗಿ ಅರ್ಧ ಪುಟ ಎಚ್ಚರಿಕೆ ಬರೆದೆ. ಓದಿ ನೋಡಿದ್ರೆ ನಾಚಿಕೆ ಆಯ್ತು. ಎದ್ದು ಹೋಗಿ ಟೂಲು ಬೇರೆ ಫೈಲಿಗೆ ಬರೆಯೋ ಹಾಗೆ ಬದಲಾಯಿಸಿದೆ. "ಉಳಿಯುತ್ತೆ" ಅನ್ನೋ ಒಂದೇ ಪದ ಉತ್ತರ ಈಗ.

ಡೆವಲಪರ್‌ಗಳ ಭಾಗ ಬೇರೆ ಫೈಲು. ಅಲ್ಲಿ ಬೇಕಿದ್ದಿದ್ದು ಫಂಕ್ಷನ್ ಪಟ್ಟಿ ಅಲ್ಲ, ಅದು ಕೋಡಲ್ಲೇ ಇದೆ. ಯಾಕೆ ಹಾಗೆ ಬರೆದೆ ಅನ್ನೋದು ಬೇಕು. ಉದಾಹರಣೆಗೆ "ರ‍್ಯಾಂಕ್". ಇಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಜೋಡಕ ಅಕ್ಷರವೊಂದು ಇರಬೇಕು, ಇಲ್ಲಾಂದ್ರೆ ರ ಹೋಗಿ ಅರ್ಕಾವತ್ತಾಗುತ್ತೆ. ಅದಕ್ಕೆ ಅಂತ ನಾನೇ ಹಾಕಿದ್ದ ಒಂದು ಸಾಲು ಆರು ತಿಂಗಳಾದ ಮೇಲೆ ನನಗೇ ಅರ್ಥ ಆಗದೆ, ಇನ್ನೇನು ಅಳಿಸೋದ್ರಲ್ಲಿದ್ದೆ :-)

ಅಂದಹಾಗೆ 1971ರಲ್ಲಿ ಥಾಂಪ್ಸನ್ ಮತ್ತು ರಿಚಿ ಬರೆದ ಯುನಿಕ್ಸ್ ಮ್ಯಾನ್ಯುಯಲ್ಲಿನಲ್ಲೇ ಕಮಾಂಡುಗಳದ್ದು ಒಂದು ಭಾಗ, ಸಿಸ್ಟಂ ಕಾಲ್‌ಗಳದ್ದು ಇನ್ನೊಂದು ಭಾಗ. ಪುಟಗಳ ಕೊನೆಯಲ್ಲಿ ಬಗ್ಸ್ ಅಂತ ತಲೆಬರಹ ಕೊಟ್ಟು ತಮ್ಮ ತಪ್ಪು ತಾವೇ ಒಪ್ಕೊಂಡಿದ್ರು. ನಾನೂ ಒಂದು ಹಾಕಿದ್ದೀನಿ, ಆದ್ರೆ ಕೊನೆಯಲ್ಲಲ್ಲ, ಎರಡನೇ ಪುಟದಲ್ಲೇ.

ನಿನ್ನೆ ಮಾವನಿಗೆ ಪ್ರಿಂಟ್ ಕಳಿಸಿದೆ. ಇವತ್ತು ಬೆಳಗ್ಗೆ ಫೋಟೋ ಬಂತು. ನಾಲ್ಕು ಕಡೆ ಕೆಂಪು ಇಂಕಿನ ಗೀಟು, ಎಲ್ಲಾ ಅಲ್ಪಪ್ರಾಣ ಮಹಾಪ್ರಾಣದ ತಪ್ಪು. ಜೊತೆಗೆ ಒಂದು ಪ್ರಶ್ನೆ: "ಫೋಲ್ಡರು ಅಂದ್ರೆ ಯಾವುದು, ಆ ಹಳದಿ ಚೀಲವಾ?"

ಅದನ್ನ ಎಲ್ಲೂ ಬರೆದೇ ಇಲ್ಲ. ಇವತ್ತು ರಾತ್ರಿ ಸೇರಿಸ್ಬೇಕು.